ಹುಡುಗನ ತಂಗಿ ಮುಟ್ಟಿದ ಕಂಪ್ಯೂಟರು

ನವರಾತ್ರಿ ಮುಗಿದ ಮರುದಿನದಿಂದ ನನ್ನ ಫೋನು ಬಾಯಿ ಮುಚ್ಚುವುದಿಲ್ಲ. ಪ್ರತಿ ವರ್ಷದ ಹಣೆಬರಹ ಇದು. ಆಯುಧಪೂಜೆಗೆ ನಮ್ಮ ಕಡೆಯವರು ಕತ್ತಿ, ಗುದ್ದಲಿ, ಬೈಕು, ಮಿಕ್ಸರು ಎಲ್ಲ ತೊಳೆಯುತ್ತಾರೆ, ತೊಳೆಯಲಿ. ಈಚೆಗೆ ಕಂಪ್ಯೂಟರನ್ನೂ ತೊಳೆಯತೊಡಗಿದ್ದಾರೆ. ಒದ್ದೆ ಬಟ್ಟೆಯಲ್ಲಿ ಮೇಲಿಂದ ಒರೆಸಿ, ಕುಂಕುಮ ಹಚ್ಚಿ, ದಾಸವಾಳ ಇಟ್ಟು ಕೈಮುಗಿದರೆ ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಇವರಿಗೆ ಒಳಗೂ ಚೊಕ್ಕಟವಾಗಬೇಕು. ಕಂಪ್ಯೂಟರ್ ಗೊತ್ತಿದೆ ಎಂದು ಹೆಸರಾದವನೊಬ್ಬ ಪ್ರತಿ ಮನೆಯಲ್ಲೂ ಇರುತ್ತಾನೆ, ಮಗನೋ ಅಳಿಯನೋ. ಅವನು ಕೂತು, ತನಗೆ ಗುರುತು ಸಿಗದ್ದನ್ನೆಲ್ಲ ಕಸ ಎಂದು ಕಿತ್ತು ಬಿಸಾಡುತ್ತಾನೆ. ಹಾಗೆ ಬಿಸಾಡುವಾಗ ಮೊದಲು ಹೋಗುವುದು ನನ್ನ ರನ್‌ಟೈಮು.

ರನ್‌ಟೈಮ್ ಎಂದರೇನೆಂದು ಊರೂರಿನಲ್ಲಿ ಹೇಳಿ ನನಗೆ ಸಾಕಾಗಿದೆ, ಆದರೂ ಹೇಳುತ್ತೇನೆ. ನಾನು ಕೆಲಸ ಮಾಡುವುದು ಶಿರಸಿಯ ಒಂದು ಕಂಪನಿಯಲ್ಲಿ. ಕಂಪನಿ ಎಂದರೆ ಒಂದು ಕೋಣೆ, ಇಬ್ಬರು ಜನ. ಮಾಲಕ ಸಂದೇಶಣ್ಣ, ಮತ್ತು ನಾನು, ನಮಿತಾ. ಜಾತಕ ಬರೆಯುವ, ಗಂಡು ಹೆಣ್ಣಿನ ಜಾತಕ ಕೂಡಿಸಿ ನೋಡುವ ಪ್ರೋಗ್ರಾಂ ಸಂದೇಶಣ್ಣನದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಭಟ್ಟರ ಮನೆಗಳಲ್ಲಿ ಅದೇ ಇದೆ. ಈ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಮಾನು ಇರಬೇಕು, ಅದೇ ರನ್‌ಟೈಮು. ದೋಸೆಗೆ ಕಾವಲಿ ಇದ್ದ ಹಾಗೆ. ಕಾವಲಿ ಇಲ್ಲದಿದ್ದರೆ ದೋಸೆಯೇ ಇಲ್ಲ. ಅಂಗಡಿಯಿಂದ ಹೊಸ ಕಾವಲಿ ತಂದು ಒಲೆಯ ಮೇಲಿಟ್ಟರೂ ಆಗುವುದಿಲ್ಲ, ಅದನ್ನು ಪಳಗಿಸಬೇಕು. ಆ ಪಳಗಿಸುವ ಕೆಲಸ ನನ್ನದು.

ಪಳಗಿಸುವುದೆಂದರೆ ಇಷ್ಟೇ. ಸಂದೇಶಣ್ಣನ ಪ್ರೋಗ್ರಾಂ ಹುಟ್ಟಿದ ಹೊತ್ತನ್ನು ಲೆಕ್ಕ ಹಾಕುವಾಗ ಯಾವ ದೇಶದ ಹೊತ್ತು ಎಂದು ರನ್‌ಟೈಮನ್ನು ಕೇಳುತ್ತದೆ. ಹಾಗಾಗಿ ರನ್‌ಟೈಮ್ ಹಾಕಿದ ಮೇಲೆ, ಇಲ್ಲಿ ನಡೆಯುವುದು ಭಾರತದ ಹೊತ್ತು ಎಂದು ಅದರೊಳಗೆ ಒಂದು ಸಾಲು ಕೈಯಾರೆ ಬರೆದು ಬರಬೇಕು. ಆ ಸಾಲಿಲ್ಲದಿದ್ದರೆ ಅದು ಕಂಪ್ಯೂಟರ್ ಯಾವ ದೇಶ ಹೇಳುತ್ತದೋ ಅದನ್ನೇ ನಂಬುತ್ತದೆ. ಇಂಥದ್ದನ್ನು ಪ್ರೋಗ್ರಾಮಿನೊಳಗೇ ಬರೆದಿಡಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ರನ್‌ಟೈಮನ್ನೇ ಪ್ರೋಗ್ರಾಮಿನ ಜೊತೆ ಕಟ್ಟಿ, ಯಾರ ಕೈಗೂ ಸಿಗದಂತೆ ಅದರ ಹೊಟ್ಟೆಯೊಳಗೇ ಇಟ್ಟು ಕೊಡೋಣ ಎಂದು ಗಂಟಲು ಹರಿದುಕೊಂಡಿದ್ದೆ.

“ಗಾತ್ರ ಎಷ್ಟಾಗ್ತು ಗೊತ್ತಿದ್ದಾ?” ಎಂದಿದ್ದ ಸಂದೇಶಣ್ಣ. “ಭಟ್ರೆಲ್ಲ ಮೊಬೈಲ್ ನೆಟ್ಟಲ್ಲಿ ಇಳಿಸ್ಕಳವು. ಅರ್ಧಕ್ಕೇ ನಿತ್ಕಂಡ್ರೆ ಯಂಗೆ ಬೈತ.”

“ಹಂಗಾರೆ ಆನು ವರ್ಷವಿಡೀ ಬಸ್ಸಲ್ಲೇ ಇರವಾ?”

“ಸಂಬಳ ಕೊಡದು ಅದಕ್ಕೇ ಅಲ್ದಾ?” ಎಂದು ನಕ್ಕಿದ್ದ. ಅವನ ನಗು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಮರುದಿನ ಬೆಳಿಗ್ಗೆ ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ್ದೆ.

ಇನ್ನು ನನ್ನ ಅಣ್ಣನ ವಿಷಯ. ಚಿರಂತನ ಹುಲೇಕಲ್ಲಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹೊಡೆದು ಮತ್ತೆ ತಿರುಗಿಸುತ್ತಾನೆ. ವಯಸ್ಸು ಮೂವತ್ತಾರು. ತಂಗಿಯಾದ ನನ್ನ ಮದುವೆಯಾಗಿ ನಾನು ಶಿರಸಿಗೆ ಬಂದದ್ದು ಹಳೇ ಮಾತಾಯಿತು. ಅವನಿಗಿನ್ನೂ ಹೆಣ್ಣು ಸಿಕ್ಕಿರಲಿಲ್ಲ. ನಮ್ಮ ಜನರಲ್ಲಿ ಊರಲ್ಲೇ ಉಳಿದ ಗಂಡುಗಳ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ, ಹೆಣ್ಣಿನವರಿಗೆ ಪೇಟೆಯಲ್ಲಿ ನೌಕರಿಯಿರುವ ಗಂಡೇ ಬೇಕು. ಅದರ ಮೇಲೆ ಇವನ ಕೈ. ಉಗುರಿನ ಸಂದಿಯ ವಾರ್ನಿಶ್ ಕಂಡ ಕೂಡಲೇ ಹೆಣ್ಣಿನ ಕಡೆಯವರಿಗೆ ಬಸ್ಸಿಗೆ ಹೊತ್ತಾಗಿಬಿಡುತ್ತಿತ್ತು.

ಅವನ ಬಯೋಡೇಟಾ ಟೈಪ್ ಮಾಡಿದವಳು ನಾನೇ. ಆಯಿ, ಅಂದರೆ ನಮ್ಮಮ್ಮ, ಪಕ್ಕದಲ್ಲಿ ಕೂತು ಒಂದೊಂದೇ ಹೇಳಿ ಬರೆಸಿದ್ದಳು. ಕೊನೆಯಲ್ಲಿ, ‘ತಂಗಿ: ವಿವಾಹಿತೆ, ಕಂಪ್ಯೂಟರ್ ಇಂಜಿನಿಯರ್.’ ನಾನು ಓದಿದ್ದು ಡಿಪ್ಲೊಮಾ, ಇಂಜಿನಿಯರ್ ಅಲ್ಲ ಎಂದೆ. “ಇರ್ಲಿ ಬಿಡೇ,” ಎಂದಳು ಆಯಿ, “ಮನೆಗೊಂದು ತೂಕ ಬತ್ತು.” ಆ ಸಾಲು ಓದುವಾಗೆಲ್ಲ ಅವಳ ಮುಖ ಅರಳುತ್ತಿತ್ತು. ಸುಳ್ಳು ಏಕೆ ಹೇಳಲಿ, ನನ್ನದೂ ಅರಳುತ್ತಿತ್ತು.

ಆ ಬಯೋಡೇಟಾ ನೋಡಿ ಒಪ್ಪಿಕೊಂಡವಳು ನೀಲಾ. ಯಲ್ಲಾಪುರದವಳು, ಅಲ್ಲೇ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿದರು. ಇವನು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದನಂತೆ. ಅವಳೇ, “ಕೈ ಮೇಲೆ ತೆಗಿರಿ. ಕೆಲಸ ಮಾಡ ಕೈ ಕಪ್ಪಿದ್ರೆ ಎಂತ ಆಗ್ತು?” ಎಂದಳಂತೆ. ಇದನ್ನು ನನಗೆ ಹೇಳುವಾಗ ನನ್ನ ಅಣ್ಣ, ಮೂವತ್ತಾರು ವರ್ಷದ ಗಂಡಸು, ನೆಲ ನೋಡುತ್ತಿದ್ದ. ಅದಾದ ಮೇಲೆ ಆ ಹೋಟೆಲಿಗೆ ಇನ್ನೂ ಕೆಲವು ಸಲ ಹೋಗಿಬಂದ. ಊರವರ ಮೋಟಾರೆಲ್ಲ ರಿಪೇರಿ ಮಾಡುವವನ ಸ್ವಂತ ಕೋಣೆಯ ಫ್ಯಾನು ಎಷ್ಟೋ ವರ್ಷದಿಂದ ಕಿರುಗುಟ್ಟುತ್ತಿತ್ತು. ಒಂದು ಭಾನುವಾರ ಏಣಿ ಹಾಕಿ ಅದನ್ನು ಇಳಿಸಿ ಸರಿ ಮಾಡಿದ. ಆಯಿ ನನಗೆ ಫೋನ್ ಮಾಡಿ, “ಫ್ಯಾನ್ ರಿಪೇರಿ ಮಾಡ್ದ ಕಣೇ,” ಎಂದು ಅತ್ತಳು.

ನೀಲಾಗೆ ತಂದೆಯಿಲ್ಲ. ಆ ಮನೆಯಲ್ಲಿ ದೊಡ್ಡಪ್ಪ ಮಂಜಪ್ಪ ಹೆಗಡೆಯವರ ಮಾತೇ ಕೊನೆ. ಅವರು ಹುಲೇಕಲ್ಲಿಗೆ ಬಂದು ಮನೆ, ಅಂಗಡಿ ನೋಡಿದರು. “ಹುಡ್ಗ ಅಡ್ಡಿಲ್ಲೆ,” ಎಂದರು. “ಸಿದ್ದಾಪುರದ ಶಾಂತಾರಾಮ ಭಟ್ರ ಹತ್ರ ಒಂದು ಸಲ ಜಾತಕ ತೋರ್ಸ್ಕಂಡು ಮುಂದೆ ಹೋಪನ.”

ಶಾಂತಾರಾಮ ಭಟ್ಟರೆಂದರೆ ನಮ್ಮದೇ ಗಿರಾಕಿ. ಅವರ ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿ ಬಂದವಳು ನಾನು. ಹೆಗಡೆಯವರು ಆ ಕಡೆ ಹೋದ ಮೇಲೆ ಆಯಿ ಮೆಲ್ಲಗೆ, “ಭಟ್ರಿಗೆ ಮೊದಲೇ ಒಂದು ಫೋನ್ ಮಾಡಿಡ್ತ್ಯನೇ?” ಎಂದಳು. ನನಗೆ ಸಿಟ್ಟು ಬಂತು. ಜಾತಕ ತಿದ್ದಿಸಿಕೊಂಡು ಹೆಣ್ಣು ತರುವ ಜನ ನಮ್ಮಲ್ಲಿ ಹೆಚ್ಚಾಗಿದ್ದಾರೆ, ನಾವೂ ಆ ಸಾಲಿಗೆ ಸೇರಬೇಕೇ ಎಂದು ರೇಗಿದೆ. ರೇಗುವ ಧೈರ್ಯವೂ ಇತ್ತು. ಅಣ್ಣನದು ರೋಹಿಣಿ ನಕ್ಷತ್ರ, ನೀಲಾದು ಪುಷ್ಯ. ಆಫೀಸಿನ ಕಂಪ್ಯೂಟರಿನಲ್ಲಿ ನಾನು ಆಗಲೇ ನೋಡಿಯಾಗಿತ್ತು. ಮೂವತ್ತಾರು ಗುಣದಲ್ಲಿ ಇಪ್ಪತ್ತೈದು, ಹದಿನೆಂಟು ಬಂದರೇ ಸಾಕೆನ್ನುತ್ತಾರೆ. ಯಾರಿಗೂ ಫೋನ್ ಮಾಡುವ ಅಗತ್ಯವಿರಲಿಲ್ಲ.

ಇದೆಲ್ಲ ಆದದ್ದು ನವರಾತ್ರಿಯ ಆಸುಪಾಸಿನಲ್ಲಿ. ಹೆಗಡೆಯವರು ಸಿದ್ದಾಪುರಕ್ಕೆ ಹೋದದ್ದು ದೀಪಾವಳಿ ಕಳೆದ ಮೇಲೆ. ಆ ಮಧ್ಯಾಹ್ನ ಆಯಿಯ ಫೋನು ಬಂತು.

“ಏಕನಾಡಿ ಹೇಳಿ ಬೈಂದಡಾ. ಮುಂದರಿಯದು ಬ್ಯಾಡ ಅಂದ್ರಡಾ.”

ಗಂಡು ಹೆಣ್ಣು ಇಬ್ಬರದೂ ಒಂದೇ ನಾಡಿಯಾದರೆ ಹುಟ್ಟುವ ಮಕ್ಕಳಿಗೆ ಕೇಡು ಎನ್ನುತ್ತಾರೆ. ಉಳಿದ ಯಾವ ದೋಷಕ್ಕೂ ಶಾಂತಿ, ಪರಿಹಾರ ಹುಡುಕುವ ನಮ್ಮ ಜನ ಈ ಒಂದು ಶಬ್ದ ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ನಾನು ಆ ಕಾಗದದ ಫೋಟೋ ಕಳಿಸಲು ಹೇಳಿದೆ. ಬಂತು. ನಮ್ಮದೇ ಪ್ರೋಗ್ರಾಂ, ನಮ್ಮದೇ ಅಂಚಿನ ಚಿತ್ತಾರ, ಕೆಳಗೆ ಸಂದೇಶಣ್ಣನ ಕಂಪನಿಯ ಹೆಸರು. ಹುಡುಗನ ಹೆಸರಿನ ಎದುರು ನಕ್ಷತ್ರ: ಮೃಗಶಿರ. ಅದಕ್ಕೂ ನೀಲಾಳ ಪುಷ್ಯಕ್ಕೂ ನಾಡಿ ಒಂದೇ.

ನನ್ನ ಅಣ್ಣ ಹುಟ್ಟಿದಾಗಿನಿಂದ ರೋಹಿಣಿ. ಅವನ ಹೆಸರಿನಲ್ಲಿ ದೇವರ ಮುಂದೆ ಮಾಡಿದ ಸಂಕಲ್ಪವೆಲ್ಲ ರೋಹಿಣಿಯ ಮೇಲೆಯೇ. ಅದು ರಾತ್ರಿ ಬೆಳಗಾಗುವುದರೊಳಗೆ ಮುಂದಿನ ನಕ್ಷತ್ರಕ್ಕೆ ಜಿಗಿಯಬೇಕಾದರೆ ಲೆಕ್ಕಕ್ಕೆ ಹೋದ ಹೊತ್ತೇ ಅರ್ಧ ದಿನ ತಪ್ಪಿರಬೇಕು. ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಭಟ್ಟರ ಮನೆಯಲ್ಲಿ ಆಯುಧಪೂಜೆಗೆ ಕಂಪ್ಯೂಟರು ತೊಳೆದಿದ್ದಾರೆ.

ಬೆಳಗಿನ ಮೊದಲ ಬಸ್ಸಿಗೆ ಸಿದ್ದಾಪುರಕ್ಕೆ ಹೋದೆ. ಭಟ್ಟರು ಜಗಲಿಯಲ್ಲೇ ಇದ್ದರು. ಒಳ್ಳೆಯ ಮನುಷ್ಯ, ಬಂದವರನ್ನು ಬಾಯಿ ತುಂಬ ಮಾತಾಡಿಸುತ್ತಾರೆ. “ಬಾ ತಂಗಿ, ಕೂತ್ಗ. ಆಸ್ರಿಗೆ ಎಂತ ಅಡ್ಡಿಲ್ಲೆ?” ಎಂದರು. ಆಸರಿಗೆ ಆಮೇಲೆ ಕುಡಿಯುತ್ತೇನೆಂದು ಸೀದಾ ಕಂಪ್ಯೂಟರಿನ ಮುಂದೆ ಕೂತೆ. ಪರದೆಯ ನೆತ್ತಿಗೆ ಕುಂಕುಮ, ಪೆಟ್ಟಿಗೆಯ ಮೇಲೆ ಒಣಗಿ ಕಪ್ಪಾದ ದಾಸವಾಳ.

“ಇದನ್ನ ಯಾರು ಮುಟ್ಟಿದ್ರು ಭಟ್ರೇ?”

“ನಮ್ಮ ಅಳಿಯ ಕಿರಣ. ನವಮಿಗೆ ಬಂದಿದ್ದ. ಎಲ್ಲ ಹಳೇದು ತೆಗೆದು ಹೊಸ್ತು ಹಾಕಿ, ಹೂವಿನ ಹಂಗೆ ಮಾಡಿಕೊಟ್ಟಿಕ್ಕಿ ಹೋಜ. ಈಗ ಎಷ್ಟು ಫಾಸ್ಟ್ ಇದ್ದು ಗೊತ್ತಿದ್ದಾ?”

ಕಿರಣ ಮಾಡಿದ್ದು ಇಷ್ಟು. ಕಂಪ್ಯೂಟರನ್ನು ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿದ. ಪ್ರೋಗ್ರಾಂ ತಿರುಗಿ ಹಾಕಿದ. ಅದು ರನ್‌ಟೈಮ್ ಇಲ್ಲವೆಂದಾಗ ನೆಟ್ಟಿನಿಂದ ತಾನೇ ಒಂದು ಹೊಸ ರನ್‌ಟೈಮ್ ಇಳಿಸಿ ಹಾಕಿದ. ಭಾರತದ ಹೊತ್ತು ಎಂಬ ನನ್ನ ಸಾಲು ಅದರಲ್ಲಿ ಇರಲಿಲ್ಲ. ಕಂಪ್ಯೂಟರಿನ ಗಡಿಯಾರ ತಪ್ಪು ತೋರಿಸಿದ್ದನ್ನೂ ಅವನು ನೋಡಿದ್ದ. ನೋಡಿ, ಗೋಡೆ ಗಡಿಯಾರದ ಮುಳ್ಳು ತಿರುಗಿಸಿದ ಹಾಗೆ ಹೊತ್ತನ್ನಷ್ಟೇ ಸರಿ ಮಾಡಿದ್ದ. ಅಂಗಡಿಯಿಂದ ಬರುವಾಗಲೇ ಅದರೊಳಗಿದ್ದ ದೇಶವನ್ನು ಬದಲಿಸಿರಲಿಲ್ಲ. ಪರದೆಯ ಮೂಲೆಯಲ್ಲಿ ಸಿದ್ದಾಪುರದ ಹೊತ್ತು ಸರಿಯಾಗಿ ಓಡುತ್ತಿತ್ತು. ಕಂಪ್ಯೂಟರಿನ ಮನಸ್ಸಿನಲ್ಲಿ ಮಾತ್ರ ತಾನು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದೇನೆ ಎಂದಿತ್ತು. ಹುಲೇಕಲ್ಲಿನಲ್ಲಿ ಬೆಳಗಿನ ಹೊತ್ತು ಹುಟ್ಟಿದ ನನ್ನ ಅಣ್ಣನನ್ನು ಅದು ಅಲ್ಲಿಯ ಬೆಳಗಿನಲ್ಲಿ ಹುಟ್ಟಿಸಿತ್ತು. ಹದಿಮೂರೂವರೆ ಗಂಟೆ ತಡ.

ಭಟ್ಟರಿಗೆ ರನ್‌ಟೈಮಿನ ಕಥೆ ಹೇಳಿ ಪ್ರಯೋಜನವಿರಲಿಲ್ಲ. ಅವರ ಭಾಷೆಯಲ್ಲೇ ಹೇಳಿದೆ. ಅಣ್ಣನ ಕುಂಡಲಿ ತೆಗೆದು ತೋರಿಸಿದೆ.

“ಹುಟ್ಟಿದ್ದು ಸೂರ್ಯ ಹುಟ್ಟ ಹೊತ್ತಿಗೆ ಭಟ್ರೇ. ರವಿ ಎಲ್ಲಿರವು?”

“ಲಗ್ನದಲ್ಲೇ ಇರವು.”

“ಇಲ್ಲಿ ನೋಡಿ.”

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ತುಲಾ ಲಗ್ನ ಇರಬೇಕಾದಲ್ಲಿ ವೃಷಭ ಲಗ್ನ. ರವಿ ಆರನೇ ಮನೆಯಲ್ಲಿ. ಪಂಚಾಂಗ ಕಲಿಯಲು ಕೂತ ಮೊದಲ ತಿಂಗಳಲ್ಲೇ ಗೊತ್ತಾಗುವ ತಪ್ಪು. ಅವರು ಕುಂಡಲಿಯನ್ನು ನೋಡಿಯೇ ಇರಲಿಲ್ಲ. ಗುಣ ಕೂಡಿಸುವ ಹಾಳೆಯೊಂದನ್ನು ಪ್ರಿಂಟ್ ತೆಗೆದು ಕೊಟ್ಟಿದ್ದರು, ಅಷ್ಟೇ. ಭಟ್ಟರ ಮುಖ ಬಿಳಿಚಿಕೊಂಡಿತು. ಬಾಗಿಲ ಕಡೆ ಒಮ್ಮೆ ನೋಡಿದರು, ಯಾರೂ ಬಂದಿರಲಿಲ್ಲ.

ನಾನು ನನ್ನ ರನ್‌ಟೈಮ್ ಹಾಕಿ, ಆ ಸಾಲು ಬರೆದು, ದೇಶ ಸರಿ ಮಾಡಿದೆ. ಅಣ್ಣನ ಜಾತಕ ಮತ್ತೆ ತೆಗೆದೆ. ರೋಹಿಣಿ. ಕೂಡಿಸಿದೆ. ಇಪ್ಪತ್ತೈದು. ನಾಡಿ ಬೇರೆ ಬೇರೆ. ಕಣ್ಣಲ್ಲಿ ನೀರೇ ಬಂತು.

“ನವಮಿಯಿಂದ ಈಚೆಗೆ ಎಷ್ಟು ಜಾತಕ ಕೊಟ್ಟಿದ್ರಿ ಭಟ್ರೇ?” ಎಂದು ಕೇಳಿದೆ. ಒಂದು ನಕ್ಷತ್ರ ಇರುವುದು ಸುಮಾರು ಒಂದು ದಿನ, ಹೊತ್ತು ಜಾರಿದ್ದು ಅರ್ಧ ದಿನ. ಹಾಗಾಗಿ ಎಲ್ಲರ ನಕ್ಷತ್ರ ತಪ್ಪಿರುವುದಿಲ್ಲ, ಸುಮಾರು ಅರ್ಧ ಜನರದು ತಪ್ಪಿರುತ್ತದೆ.

“ಅದೆಲ್ಲ ಆನು ನೋಡ್ಕತ್ತೆ,” ಎಂದರು ಗಡಿಬಿಡಿಯಲ್ಲಿ. “ಮೊದಲು ನಿಂಗಳದ್ದು ಮುಗಿಸ್ವ.” ನನ್ನೆದುರೇ ಯಲ್ಲಾಪುರಕ್ಕೆ ಫೋನ್ ಹಚ್ಚಿದರು.

“ಹ್ಞಾ, ಹೆಗ್ಡೇರೇ, ನಮಸ್ಕಾರ. ಅದೇ, ನಿಂಗ್ಳ ಕೂಸು ನೀಲಾನ ವಿಷಯ. ಕಂಪ್ಯೂಟರಲ್ಲಿ ಎಂತೋ ಹೆಚ್ಚುಕಮ್ಮಿ ಆಗಿತ್ತಡ. ಹುಡ್ಗನ ತಂಗಿಯೇ ಬಂದು ಸರಿ ಮಾಡಿಕೊಟ್ಟಿದ್ದು. ಈಗ ನೋಡಿರೆ ಚೊಲೊ ಕೂಡ್ತು. ಹೌದು, ಇಲ್ಲೇ ಕೂತಿದ್ದು, ಈಗಷ್ಟೇ ಮಾಡಿದ್ದು.”

ಅವರು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ನಮ್ಮ ಅಳಿಯ ಕೆಡಿಸಿದ, ನಾನು ನೋಡದೆ ಕೊಟ್ಟೆ ಎನ್ನುವುದೊಂದನ್ನು ಬಿಟ್ಟು ಎಲ್ಲ ಹೇಳಿದರು. ಆಗ ನನಗೆ ಅದು ಹೊಳೆಯಲಿಲ್ಲ. ಖುಷಿಯಲ್ಲಿದ್ದೆ. ಆಸರಿಗೆ ಕುಡಿದೆ, ಭಟ್ಟರ ಕಾಲಿಗೆ ನಮಸ್ಕಾರ ಮಾಡಿದೆ, ಬಸ್‌ಸ್ಟ್ಯಾಂಡಿನ ಹತ್ತಿರ ಆಯಿಗೆಂದು ಜಿಲೇಬಿ ಕಟ್ಟಿಸಿಕೊಂಡೆ.

ಹುಲೇಕಲ್ಲಿಗೆ ಮುಟ್ಟುವಷ್ಟರಲ್ಲಿ ಹೆಗಡೆಯವರ ಫೋನು ಬಂದಾಗಿತ್ತು. ಆಯಿ ಅಂಗಳದಲ್ಲಿ ನಿಂತಿದ್ದಳು. ಜಿಲೇಬಿಯ ಪೊಟ್ಟಣ ಕೈಗೆ ಕೊಟ್ಟರೂ ಅದೇನೆಂದು ನೋಡಲಿಲ್ಲ.

“ನಿಂಗಳ ಮನೆ ಕೂಸಿನ ಕೈಚಳಕ ಚೊಲೊ ಇದ್ದು ಹೇಳಿದ್ರು,” ಎಂದಳು. “ನಿನ್ನೆ ಕೂಡದಿದ್ದ ಜಾತಕ ಹುಡ್ಗನ ತಂಗಿ ಮುಟ್ಟಿದ ಕೂಡ್ಲೇ ಕೂಡ್ತಡ, ಅಂಥ ಜಾತಕ ಯಂಗಕ್ಕೆ ಬ್ಯಾಡ ಅಂದ್ರು.”

ಅಣ್ಣ ಅಂಗಡಿಯಿಂದ ಬಂದು ವಿಷಯ ಕೇಳಿಕೊಂಡ. “ಆತು ಬಿಡು,” ಎಂದು ಬಚ್ಚಲಿಗೆ ಹೋದ. ಬಹಳ ಹೊತ್ತು ಕೈ ತೊಳೆಯುವ ಸದ್ದು ಕೇಳುತ್ತಿತ್ತು.

ನನಗೆ ಬಿಡಲಾಗಲಿಲ್ಲ. ಮರುದಿನ ಸಂದೇಶಣ್ಣನ ಮುಂದೆ ನಿಂತೆ. ಯಲ್ಲಾಪುರಕ್ಕೆ ನನ್ನ ಜೊತೆ ಬಾ, ಪ್ರೋಗ್ರಾಂ ಮಾಡಿದವನು ನೀನು, ನೀನು ಹೇಳಿದರೆ ಹೆಗಡೆಯವರು ನಂಬುತ್ತಾರೆ ಎಂದೆ. ರನ್‌ಟೈಮ್ ತಪ್ಪಿದ್ದರಿಂದ ಆ ಕಂಪ್ಯೂಟರಿನಲ್ಲಿ ಲೆಕ್ಕ ತಪ್ಪಿತ್ತು ಎಂದು ಇಷ್ಟೇ ಹೇಳಬೇಕಾಗಿತ್ತು.

“ನಿಂಗೆ ತಲೆ ಸರಿ ಇದ್ದಾ?” ಎಂದ. “ನಮ್ಮ ಪ್ರೋಗ್ರಾಂ ತಪ್ಪು ಜಾತಕ ಕೊಡ್ತು ಹೇಳಿ ಆನೇ ಊರೂರು ಹೇಳ್ಕತ್ತ ಬರವಾ? ನಾಳೆ ಒಬ್ಬ ಭಟ್ರೂ ನಮ್ಮ ಬಾಗ್ಲಿಗೆ ಬತ್ವಿಲ್ಲೆ.”

“ಊರೂರು ಬ್ಯಾಡ. ಒಂದು ಮನೆಗೆ ಬಾ.”

“ಒಂದು ಮನೆಗೆ ಹೇಳಿದ್ದು ಅಲ್ಲೇ ಉಳಿತ್ತಾ?”

“ರನ್‌ಟೈಮ್ ಒಳಗೇ ಇಡು ಹೇಳಿ ಆನು ಎಷ್ಟು ಸಲ ಹೇಳಿದ್ದಿಲ್ಲೆ?”

ಆ ದಿನ ಅವನು ನಗಲಿಲ್ಲ. ಕೊನೆಗೆ, “ಬೇಕಾರೆ ರಜೆ ತಗ,” ಎಂದ. ಅವನ ಔದಾರ್ಯ ಅಷ್ಟು.

ಒಬ್ಬಳೇ ಹೋದೆ. ಅಣ್ಣ ಹುಟ್ಟಿದಾಗ ನಮ್ಮ ಮನೆಯ ಭಟ್ಟರು ಕೈಯಲ್ಲಿ ಬರೆದುಕೊಟ್ಟ ಜಾತಕವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮಂಜಪ್ಪ ಹೆಗಡೆಯವರು ಕೂಗಾಡುತ್ತಾರೆ ಎಂದುಕೊಂಡು ಹೋದವಳಿಗೆ ಸಿಕ್ಕಿದ್ದು ಉಪಚಾರ. ಚಾಪೆ ಹಾಸಿ ಕೂರಿಸಿದರು, ಕಷಾಯ ತರಿಸಿದರು. ತಂದುಕೊಟ್ಟವಳು ನೀಲಾ. ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ, ಆದರೆ ಒಳಗೂ ಹೋಗಲಿಲ್ಲ, ಬಾಗಿಲಲ್ಲೇ ನಿಂತಳು.

ನಾನು ಎಲ್ಲ ಬಿಡಿಸಿ ಹೇಳಿದೆ. ಹಳೆಯ ಜಾತಕ ಬಿಚ್ಚಿ ರೋಹಿಣಿ ಎಂದು ಬರೆದದ್ದನ್ನು ತೋರಿಸಿದೆ. ಹೆಗಡೆಯವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಕಂಪ್ಯೂಟರನ್ನೇ ತಿದ್ದಲೆ ಗೊತ್ತಿದ್ದವ್ಕೆ ಕಾಗದ ತಿದ್ದದು ಎಂತ ದೊಡ್ಡದಲ್ಲ ತಂಗಿ,” ಎಂದರು. ಸಿಟ್ಟಿನಿಂದಲ್ಲ, ಸಮಾಧಾನದಿಂದ. “ನಮ್ಮ ಸಂಬಂಧಿಕರಲ್ಲೇ ಹಿಂಗಾಜು. ಹುಡ್ಗನ ಕಡೆಯವು ಜಾತಕ ತಿದ್ಸ್ಕಂಡು ಬಂದಿದ್ದ, ಮದುವೆ ಆದ್ಮೇಲೆ ಗೊತ್ತಾತು. ಅಂದಿಂದ ಆನು ಹುಷಾರು.”

“ಬೇರೆ ಭಟ್ರ ಹತ್ರ ತೋರ್ಸಿ. ಯಂಗಕ್ಕೆ ಗೊತ್ತಿಲ್ಲದಿದ್ದವ್ರ ಹತ್ರ ತೋರ್ಸಿ. ಫೋನಲ್ಲೂ ನೋಡಲಾಗ್ತು, ಈಗಲೇ ತೋರಿಸ್ಲಾ?”

“ನಿನ್ನ ಫೋನಲ್ಲಾ?” ಎಂದು ಮೆಲ್ಲಗೆ ನಕ್ಕರು. “ನೋಡು ತಂಗಿ, ನಿಂದು ಇದೇ ಕಸುಬು. ಬಯೋಡೇಟಾದಲ್ಲೇ ಬರದ್ದು, ಕಂಪ್ಯೂಟರ್ ಇಂಜಿನಿಯರ್ ಹೇಳಿ. ಅಣ್ಣನ ಮೇಲೆ ಅಕ್ಕರೆ, ತಪ್ಪಲ್ಲ. ಆನು ನಿನ್ನ ಜಾಗದಲ್ಲಿದ್ರೂ ಹಂಗೇ ಮಾಡ್ತಿದ್ನೇನ. ಆದ್ರೆ ಕೂಸು ನಮ್ಮದು.”

ಸುಳ್ಳುಗಾರ್ತಿ ಎಂದು ಬೈದಿದ್ದರೆ ನಾಲ್ಕು ಮಾತು ತಿರುಗಿ ಬೈದು ಬರಬಹುದಿತ್ತು. ಈ ಮನುಷ್ಯ ನನ್ನನ್ನು ಕ್ಷಮಿಸುತ್ತಿದ್ದ. ನಾನು ಮಾಡದ ಕೆಲಸಕ್ಕೆ, ನನ್ನದೇ ಮುಖದ ಮುಂದೆ, ಕಷಾಯ ಕೊಟ್ಟು ಕ್ಷಮಿಸುತ್ತಿದ್ದ. ಬಾಗಿಲ ಕಡೆ ನೋಡಿದೆ. ನೀಲಾ, ನೀನಾದರೂ ಒಂದು ಮಾತು ಆಡು ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಬಸ್ಸು ಯಲ್ಲಾಪುರ ದಾಟಿದ ಮೇಲೆ ಅವಳ ಫೋನು ಬಂತು. ಅಂಗಡಿಯಿಂದಲೋ ಏನೋ, ಹಿಂದೆ ಯಾರೋ ಕೆಮ್ಮಿನ ಔಷಧ ಕೇಳುತ್ತಿದ್ದರು.

“ನಮಿತಕ್ಕ, ಆನೂ ನನ್ನ ಫೋನಲ್ಲಿ ನೋಡಿದಿ. ಮೊನ್ನೆಯೇ ನೋಡಿದಿ. ಅವರದು ರೋಹಿಣಿಯೇ. ನಿಂಗ ಹೇಳಿದ್ದು ಖರೆ.”

“ಮತ್ತೆ ದೊಡ್ಡಪ್ಪಂಗೆ ಎಂತಕ್ಕೆ ಹೇಳಿದ್ದಿಲ್ಲೆ?”

ಅವಳು ಕೆಮ್ಮಿನ ಔಷಧದ ಬೆಲೆ ಹೇಳಿ ತಿರುಗಿ ಫೋನಿಗೆ ಬಂದಳು. “ಧೈರ್ಯ ಇಲ್ಲೆ. ದೊಡ್ಡಪ್ಪನ ಹೆದರಿಕೆ ಅಲ್ಲ. ಏಕನಾಡಿ ಹೇಳಿ ಒಂದು ಸಲ ಕೇಳಿಬಿಟ್ಟಿ. ನಾಳೆ ಮಗುವಿಗೆ ಒಂದು ಜ್ವರ ಬಂದ್ರೂ ಯಂಗೆ ಅದೇ ನೆನಪಾಗ್ತು. ಅದು ಸುಳ್ಳು ಹೇಳಿ ಗೊತ್ತಿದ್ರೂ ನೆನಪಾಗ್ತು.” ಆಮೇಲೆ, “ನಿಂಗಳ ಅಣ್ಣಂಗೆ ಎಂತ ಹೇಳವು ಗೊತ್ತಾತಿಲ್ಲೆ. ನಿಂಗಳೇ ಹೇಳಿ,” ಎಂದು ಫೋನು ಇಟ್ಟಳು.

ನಾನು ಅಣ್ಣನಿಗೆ ಅದನ್ನು ಹೇಳಲಿಲ್ಲ. ಅವಳಿಗೆ ಸತ್ಯ ಗೊತ್ತಿತ್ತು, ಗೊತ್ತಿದ್ದೂ ಬೇಡವೆಂದಳು ಎಂದು ಯಾವ ಬಾಯಲ್ಲಿ ಹೇಳಲಿ? ಹೆಗಡೆಯವರೇ ಒಪ್ಪಲಿಲ್ಲ ಎಂದೆ. ಅವನು ಒಂದು ಮೋಟಾರಿನ ಸುಟ್ಟ ತಂತಿ ಕತ್ತರಿಸಿ ತೆಗೆಯುತ್ತಿದ್ದ. ತಲೆ ಎತ್ತದೆ ಕೇಳಿದ.

“ಸಿದ್ದಾಪುರಕ್ಕೆ ಅವತ್ತು ನಿನ್ನ ಬದಲಿಗೆ ಬೇರೆ ಯಾರಾದ್ರೂ ಹೋಗಿದ್ರೆ ಆಗ್ತಿತ್ತ?”

“ಬೇರೆ ಯಾರಿದ್ದ ಅಣ್ಣ? ಆ ಕೆಲಸ ಮಾಡವ್ಳು ಆನೊಬ್ಳೇ.”

“ಹೌದಲ,” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಶಾಂತಾರಾಮ ಭಟ್ಟರು ಉಳಿದವರಿಗೆ ಹೇಳಿದರೇ ಎಂದು ತಿಳಿಯಲು ಒಮ್ಮೆ ಫೋನ್ ಮಾಡಿದೆ. “ಈಗ ಎಲ್ಲ ಸರಿ ಬತ್ತಾ ಇದ್ದು ತಂಗಿ, ಎಂತ ತೊಂದ್ರೆ ಇಲ್ಲೆ,” ಎಂದರು. ಅಂದರೆ ಹೇಳಿಲ್ಲ. ನವಮಿಯಿಂದ ದೀಪಾವಳಿಯ ಆಚೆವರೆಗೆ ಆ ಕಂಪ್ಯೂಟರು ಎಷ್ಟು ಮದುವೆ ಮುರಿಯಿತೋ, ಎಷ್ಟನ್ನು ಕೂಡಿಸಿತೋ, ಅವರಿಗೂ ಗೊತ್ತಿಲ್ಲ, ಗೊತ್ತಾಗುವುದು ಬೇಕಾಗಿಯೂ ಇಲ್ಲ. ಸಿದ್ದಾಪುರದ ಕಡೆಯ ಯಾವುದಾದರೂ ಮದುವೆಯ ಕರೆಯೋಲೆ ಕಂಡರೆ ಈಗ ನಾನು ಜಾತಕ ಕೂಡಿಸಿದ್ದು ಯಾವಾಗ ಎಂದು ಕೇಳುತ್ತೇನೆ.

ಸಂದೇಶಣ್ಣನಿಗೆ ಮಾತ್ರ ಬುದ್ಧಿ ಬಂತು. ತಿಂಗಳೊಳಗೆ ಹೊಸ ಆವೃತ್ತಿ ಮಾಡಿದ. ರನ್‌ಟೈಮ್ ಪ್ರೋಗ್ರಾಮಿನ ಒಳಗೇ, ಭಾರತದ ಹೊತ್ತೂ ಒಳಗೇ. ಇನ್ನು ಯಾರ ಅಳಿಯ ಬಂದು ತೊಳೆದರೂ ಅಲ್ಲಾಡುವುದಿಲ್ಲ. ವಾಟ್ಸಾಪಿನಲ್ಲಿ ಭಟ್ಟರಿಗೆಲ್ಲ ಜಾಹೀರಾತು ಕಳಿಸಿದ: ‘ಈಗ ಇನ್ನಷ್ಟು ಸುಲಭ, ಇನ್ನಷ್ಟು ನಿಖರ.’ ಗಾತ್ರ ದೊಡ್ಡದಾಯಿತೆಂದು ಒಬ್ಬ ಭಟ್ಟರೂ ಬೈಯಲಿಲ್ಲ. ಪ್ರತಿ ಮನೆಗೆ ಹೋಗಿ ಹೊಸದನ್ನು ಹಾಕಿ ಬರುವ ಕೆಲಸ ನನ್ನದೇ. ಪಟ್ಟಿಯಲ್ಲಿ ಮೊದಲ ಹೆಸರು ಸಿದ್ದಾಪುರದ ಶಾಂತಾರಾಮ ಭಟ್ಟರದು. ಹೋದೆ, ಹಾಕಿದೆ, ಬಂದೆ. ಆಸರಿಗೆ ಬೇಡವೆಂದೆ.

ಮೊನ್ನೆ ಭಾನುವಾರ ಹುಲೇಕಲ್ಲಿಗೆ ಹೋಗಿದ್ದಾಗ ಆಯಿ ಅಣ್ಣನ ಬಯೋಡೇಟಾ ಹೊಸದಾಗಿ ಪ್ರಿಂಟ್ ತೆಗೆಯಬೇಕು ಎಂದಳು. ದಾಸನಕೊಪ್ಪದ ಕಡೆ ಯಾವುದೋ ಮನೆ ಇದೆಯಂತೆ, ಯಾರೋ ಹೇಳಿದ್ದಾರಂತೆ. ನನ್ನ ಲ್ಯಾಪ್‌ಟಾಪ್ ತೆಗೆದು ಕೂತೆ. ಅಣ್ಣನ ವಯಸ್ಸು ಮೂವತ್ತೇಳು ಎಂದು ತಿದ್ದಿದೆ. ಆಯಿ ಪಕ್ಕದಲ್ಲಿ ಕೂತು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಪರದೆಯ ಬದಲು ಗೋಡೆಯನ್ನು ನೋಡುತ್ತಿದ್ದಳು.

“ಕೊನೇ ಸಾಲು,” ಎಂದಳು.

“ಯಾವ್ದು ಆಯಿ?”

“ನಿಂದು. ಕಂಪ್ಯೂಟರು ಹೇಳಿ ಬರದ್ದಲ. ಅದು ಬ್ಯಾಡ ತೆಗೆದುಬಿಡು ಮಗಾ. ಯಾರಾದ್ರೂ ಕೇಳಿದ್ರೆ ಮನೆಯಲ್ಲೇ ಇರ್ತು ಹೇಳ್ತೆ ಆನು.”

ಅಣ್ಣ ಮೇಲಿನ ಕೋಣೆಯಲ್ಲಿ ಮಲಗಿದ್ದ. ಫ್ಯಾನು ತಿರುಗುತ್ತಿರಬೇಕು, ಸದ್ದು ಬರುತ್ತಿರಲಿಲ್ಲ. ಆ ಎರಡು ಶಬ್ದ ಅಳಿಸಿದೆ. ‘ತಂಗಿ: ವಿವಾಹಿತೆ’ ಎಂದು ಉಳಿಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮರುದಿನ ಆಫೀಸಿನಲ್ಲಿ ಹತ್ತು ಪ್ರತಿ ಪ್ರಿಂಟ್ ತೆಗೆದೆ.